ಕುಕ್ಕರ್‌ನ ಎಡಗಿವಿ

"ಚಪ್ಪಲಿ ತಿನ್ನುತ್ತೆ ಆಂಟಿ! ಅದೂ ಎಡಗಾಲಿಂದು ಮಾತ್ರ. ಬಲಗಾಲಿಂದು ಹಾಗೇ ಬಿಡುತ್ತೆ, ನಮ್ಮ ಹೊಟ್ಟೆ ಉರಿಸೋಕೆ!"

ಪಟಾಕಿ ಒಂದೇ ಉಸಿರಿಗೆ ಹೇಳಿ ಮುಗಿಸಿದಳು. ಅವಳ ಬಾಯಿ ನೋಡಿ ಮನೆಯವರೇ ಇಟ್ಟ ಹೆಸರು ಅದು.

ಅಮ್ಮ ಬೀಗಲ್ ಜಾತಿಯ ನಾಯಿ ಸಾಕಿ, ಮರಿಗಳನ್ನು ಮಾರುತ್ತಿದ್ದಳು. ಈ ಸಲದ ಮರಿಗಳೆಲ್ಲ ಒಳ್ಳೊಳ್ಳೆಯ ಮನೆ ಸೇರಿದ್ದವು. ಉಳಿದದ್ದು ಕುಕ್ಕರ್ ಒಂದೇ. ಅಡುಗೆಮನೆಯಲ್ಲಿ ಕುಕ್ಕರ್ ಕೂಗಿದಾಗಲೆಲ್ಲ ಮೂತಿ ಮೇಲೆತ್ತಿ ತಾನೂ ಕೂಗುತ್ತಿದ್ದುದರಿಂದ ಬಂದ ಹೆಸರು.

ಅದನ್ನು ಕೊಳ್ಳಲು ಬಂದ ಸಂಗೀತದ ಟೀಚರ್ ಸೋಫಾದಲ್ಲಿ ಕೂತಿದ್ದರು. ಕುಕ್ಕರ್ ಅವರ ತೊಡೆಯ ಮೇಲೆ ಆರಾಮಾಗಿ ಕೂತಿತ್ತು. ಪಟಾಕಿಗೆ ಅಳು ಬರುವುದೊಂದು ಬಾಕಿ. ಇದೊಂದನ್ನು ಮಾತ್ರ ಕೊಡಬೇಡ ಎಂದು ಅಮ್ಮನ ಮುಂದೆ ಗೋಗರೆದು ಆಗಿತ್ತು. ಜಪ್ಪಯ್ಯ ಅಂದರೂ ಅಮ್ಮ ಒಪ್ಪಿರಲಿಲ್ಲ. ಇನ್ನು ಬಾಯಿಯೇ ಗತಿ. ಸುಳ್ಳು ಹೇಳಿದರೆ ಅಮ್ಮ ಬಿಡುವುದಿಲ್ಲ, ನಿಜ ಹೇಳಿದರೆ ಯಾರೇನು ಮಾಡುತ್ತಾರೆ?

"ಕೂದಲು ಉದುರುತ್ತೆ. ನೀವು ಕಪ್ಪು ಬಟ್ಟೆ ಹಾಕ್ಕೊಳ್ಳೋ ಹಾಗೇ ಇಲ್ಲ."

"ಬಿಳಿದು ಹಾಕ್ಕೋತೀನಿ ಬಿಡು."

"ಕುಕ್ಕರ್ ಕೂಗಿದ್ರೆ ಊಳಿಡುತ್ತೆ. ಶ್ರುತಿ ಅನ್ನೋದೇ ಇಲ್ಲ!"

"ನನ್ನ ಶಿಷ್ಯರೂ ಹಾಗೇ ಕಣೇ. ಇದು ಫೀಸ್ ಕೊಡಲ್ಲ, ಅಷ್ಟೇ ವ್ಯತ್ಯಾಸ."

ಅಮ್ಮ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ಪಟಾಕಿ ಮಾತ್ರ ಪಟ್ಟು ಬಿಡಲಿಲ್ಲ.

"ಇದರಮ್ಮಂಗೆ ಆಗಾಗ ಕಿವಿ ಸೋರುತ್ತೆ. ಇದಕ್ಕೂ ಬರಬಹುದು ಅಂತ ಡಾಕ್ಟರೇ ಹೇಳಿದಾರೆ. ಬೇಕಾದ್ರೆ ನೋಡಿ!" ಎಂದು ಹಿತ್ತಲಿಗೆ ಓಡಿ ತಾಯಿನಾಯಿಯನ್ನೇ ಎಳೆದು ತಂದಳು. ಅದೋ, ಬಂದದ್ದೇ ಟೀಚರ್ ಕೈ ನೆಕ್ಕಿ ಅವರ ಕಾಲ ಮೇಲೆ ಬಿದ್ದುಕೊಂಡಿತು. ಥೂ, ದ್ರೋಹಿ!

ಟೀಚರ್ ಮುಖ ಅರಳಿತು. "ಹೋದ ವಾರ ಇನ್ನೊಂದು ಕಡೆ ಮರಿ ನೋಡೋಕೆ ಹೋಗಿದ್ದೆ. ತಾಯಿ ಎಲ್ಲಪ್ಪಾ ಅಂದ್ರೆ, ತವರಿಗೆ ಹೋಗಿದೆ ಅಂದ ಪುಣ್ಯಾತ್ಮ! ಮರಿಲಿ ಒಂದು ಕೊರತೆನೂ ಇಲ್ಲ ಅಂದ. ಎದ್ದು ಬಂದುಬಿಟ್ಟೆ. ಇಲ್ಲಿ ತಾಯಿನೂ ಸಿಕ್ತು, ನಿಜಾನೂ ಸಿಕ್ತು. ನನಗೆ ಇದೇ ಮರಿ ಬೇಕು."

ಪಟಾಕಿ ಠುಸ್ಸೆಂದಿತು.

ಅಮ್ಮ ಲಸಿಕೆ ಕಾರ್ಡ್ ಕೊಟ್ಟು, ಎಲ್ಲರಿಗೂ ಹೇಳುವ ಮಾತನ್ನೇ ಹೇಳಿದಳು: "ಯಾವತ್ತಾದ್ರೂ ಸಾಕೋಕಾಗಲ್ಲ ಅನ್ನಿಸಿದ್ರೆ ಬೇರೆ ಯಾರಿಗೂ ಕೊಡಬೇಡಿ. ನಮಗೇ ವಾಪಸ್ ತಂದುಕೊಡಿ."

ಪಟಾಕಿಗೆ ಹೋದ ಜೀವ ಬಂದಂತಾಯಿತು. "ನಾಳೆನೇ ತಂದ್ರೂ ಪರವಾಗಿಲ್ಲ ಆಂಟಿ!"

ನಾಳೆಯವರೆಗೂ ಕಾಯಬೇಕಾಗಲಿಲ್ಲ. ಸಂಜೆಯೇ ಫೋನ್ ಬಂತು. ಅಮ್ಮನಿಗಿಂತ ಮೊದಲು ಪಟಾಕಿ ಹಾರಿ ಎತ್ತಿಕೊಂಡಳು.

"ಬಂದಾಗಿಂದ ಅಳ್ತಾನೇ ಇದೆ ಕಣೇ," ಎಂದರು ಟೀಚರ್. ಅವರ ದನಿಯೂ ಸೋತಿತ್ತು. "ನಿದ್ದೆ ಇಲ್ಲ, ಊಟ ಇಲ್ಲ. ಹಾಡಿ ನೋಡಿದೆ, ಇನ್ನೂ ಜೋರಾಗಿ ಅತ್ತಿತು. ನನ್ನ ಕೈಲಿ ಆಗುತ್ತೋ ಇಲ್ವೋ..."

'ತಂದುಬಿಡಿ' ಎಂಬ ಮಾತು ಪಟಾಕಿಯ ನಾಲಿಗೆ ತುದಿಗೆ ಬಂದು ಕೂತಿತು.

ಅಷ್ಟರಲ್ಲಿ ಫೋನಿನೊಳಗಿಂದ 'ಕುಂಯ್' ಎಂದು ಸಣ್ಣ ದನಿ ಕೇಳಿತು. ಪಟಾಕಿ ಆ ಮಾತನ್ನು ಹಾಗೇ ನುಂಗಿಕೊಂಡಳು. ಬೆಳಿಗ್ಗೆ ಟೀಚರ್‌ಗೆ ಅವಳು ಎಲ್ಲವನ್ನೂ ಹೇಳಿದ್ದಳು, ಒಂದನ್ನು ಬಿಟ್ಟು. ಅದನ್ನು ಬೇಕೆಂದೇ ಬಚ್ಚಿಟ್ಟುಕೊಂಡಿದ್ದಳು.

"ಆಂಟಿ... ಕಿವಿ ಹಿಂದೆ ಕೆರೀರಿ. ಮೆತ್ತಗೆ. ಬಲಗಿವಿ ಅಲ್ಲ, ಎಡಗಿವಿ. ಅದಕ್ಕೆ ಎಲ್ಲಾ ಎಡಗಡೆದೇ ಆಗ್ಬೇಕು."

ಆ ಕಡೆ ಅಳು ನಿಧಾನವಾಗಿ ತಗ್ಗಿತು. ಪಟಾಕಿ ಫೋನನ್ನು ಕಿವಿಗೆ ಒತ್ತಿ ಹಿಡಿದಳು. ಸ್ವಲ್ಪ ಹೊತ್ತಿಗೆ, ಅವಳಿಗೆ ಚೆನ್ನಾಗಿ ಗೊತ್ತಿದ್ದ ಪುಟ್ಟ ಗೊರಕೆ ಕೇಳಿಸಿತು.

"ಯಾರೇ ಅದು? ಏನಂತೆ?" ಅಮ್ಮ ಅಡುಗೆಮನೆಯಿಂದ ಕೂಗಿದಳು.

"ಶ್! ಮೆತ್ತಗೆ ಅಮ್ಮಾ," ಪಟಾಕಿ ಪಿಸುಗುಟ್ಟಿದಳು. "ಈಗಷ್ಟೇ ಮಲಗ್ತು."

ಆಮೇಲೆ ಅವಳು ಫೋನನ್ನು ಸದ್ದಾಗದ ಹಾಗೆ ಕೆಳಗಿಟ್ಟಳು.