ಲೀಗ್ ನಿಂತ ವರ್ಷದ ಭಾನುವಾರಗಳು

ನನ್ನ ಎಡಗಾಲಿನ ಹೆಸರು ಕೇಳದವರು ಇಡೀ ಕೋಲ್ಕತ್ತಾದಲ್ಲಿ ಇಬ್ಬರೇ ಇದ್ದರು. ಒಂದು, ಆ ವಾರವಷ್ಟೇ ಹುಟ್ಟಿದ್ದ ನಮ್ಮ ಪಕ್ಕದ ಮನೆಯ ಮಗು. ಇನ್ನೊಬ್ಬಳು ಶ್ರಾವ್ಯ.

ನಾನು ಹೃಷಿಕೇಶ್. ಉಡುಪಿ ಕಡೆಯವರ ಮಗ. ಹುಟ್ಟಿ ಬೆಳೆದದ್ದು ಬೆಹಾಲಾದಲ್ಲಿ, ಅಪ್ಪನ ಹೋಟೆಲಿನ ಮಹಡಿಯ ಮೇಲೆ. ಇಡ್ಲಿ ತಿಂದು ಅಷ್ಟು ಜೋರಾಗಿ ಚೆಂಡು ಒದೆಯುವವನನ್ನು ಬಂಗಾಳ ಅದುವರೆಗೆ ಕಂಡಿರಲಿಲ್ಲ. ಒಮ್ಮೆ ನಾನು ಒದ್ದ ಚೆಂಡು ಗೋಲ್ ಕಂಬಕ್ಕೆ ಬಡಿದ ಸದ್ದಿಗೆ ಹೌರಾ ಸೇತುವೆಯ ಮೇಲೆ ಬಸ್ಸುಗಳು ನಿಂತುಬಿಟ್ಟವು ಎಂದು ಜನ ಈಗಲೂ ಹೇಳುತ್ತಾರೆ. ಜನ ಎಂದರೆ ನಾನು.

ಅಂಥ ನನ್ನನ್ನು ಶ್ರಾವ್ಯ ಮೊದಲ ಸಲ ಕರೆದದ್ದು “ಅಣ್ಣ” ಎಂದು.

ಆ ವರ್ಷ ಲೀಗ್ ನಿಂತಿತ್ತು. ಲೀಗಿನ ಒಡೆಯರಿಗೂ ಅದನ್ನು ನಡೆಸುವವರಿಗೂ ಇದ್ದ ಒಪ್ಪಂದ ಮುಗಿದಿತ್ತು. ಹೊಸದಕ್ಕೆ ಯಾರೂ ಸಹಿ ಹಾಕುತ್ತಿರಲಿಲ್ಲ. ಕ್ಲಬ್ಬು ಸಂಬಳ ನಿಲ್ಲಿಸಿತು. ಕೆಲಸವಿಲ್ಲದೆ, ತನ್ನ ಫ್ಲ್ಯಾಟು ಬಿಟ್ಟು ಹಗಲೆಲ್ಲ ಅಪ್ಪನ ಮನೆಯಲ್ಲಿ ಬಂದು ಕುಳಿತ ಫುಟ್‌ಬಾಲ್ ಆಟಗಾರ ಕುಕ್ಕರಿನ ಮುಚ್ಚಳ, ಅಪ್ಪನ ಚಪ್ಪಲಿ, ಬಾಗಿಲ ಮುಂದಿನ ಮೋರಿಯ ಕಲ್ಲು, ಯಾವುದನ್ನೂ ಒದೆಯದೆ ಬಿಡುವುದಿಲ್ಲ. ಮೂರನೆಯ ಮುಚ್ಚಳ ನೆಗ್ಗಿದ ಮೇಲೆ ಅಮ್ಮ ನನ್ನನ್ನು ಅಪ್ಪನ ಕೇಟರಿಂಗ್ ವ್ಯಾನಿಗೆ ಹತ್ತಿಸಿದಳು.

ಆ ಬೆಳಿಗ್ಗೆ ನ್ಯೂ ಟೌನ್‌ನ ಗಾಜಿನ ಕಟ್ಟಡವೊಂದರಲ್ಲಿ ತಿಂಡಿಯ ಆರ್ಡರ್ ಇತ್ತು. ಸಂಬಳ ನಿಂತ ಆಟಗಾರರಿಗೆ ಕೈಯಲ್ಲಿರುವ ದುಡ್ಡಿನಲ್ಲಿ ಬದುಕುವುದು ಹೇಗೆಂದು ಹೇಳಿಕೊಡಲು ಆಟಗಾರರ ಸಂಘ ಏರ್ಪಡಿಸಿದ್ದ ತರಗತಿ ಅದು. ನಾನು ಅಲ್ಲಿಗೆ ವಿದ್ಯಾರ್ಥಿಯೂ ಹೌದು, ಸಾಂಬಾರ್ ತಂದವನೂ ಹೌದು. ಬಡಿಸುವವನು ಕೈಕೊಟ್ಟಿದ್ದರಿಂದ ಏಪ್ರನ್ ಕಟ್ಟಿಕೊಂಡು ಬಕೆಟ್ ಹಿಡಿದಿದ್ದೆ. ಫೋನಿನಲ್ಲಿ ಅಪ್ಪನ ಜೊತೆ ಚಟ್ನಿಯ ವಿಷಯಕ್ಕೆ ಜಗಳವಾಡಿ ಮುಗಿಸಿದ್ದೆನಷ್ಟೇ, ಹಿಂದಿನಿಂದ ದನಿ ಬಂತು.

“ಅಣ್ಣ, ಕನ್ನಡದವರಾ? ಆ ಕೊನೇ ಟೇಬಲ್‌ಗೆ ಸ್ವಲ್ಪ ಸಾಂಬಾರ್ ಹಾಕ್ತೀರಾ?”

ತಿರುಗಿದೆ. ನೀಲಿ ಕುರ್ತಾ. ಕಿವಿಯ ಹಿಂದೆ ಸಿಕ್ಕಿಸಿದ ಪೆನ್ನು. ಒಂದು ಹುಬ್ಬು ಇನ್ನೊಂದಕ್ಕಿಂತ ಕೂದಲೆಳೆಯಷ್ಟು ಮೇಲೆ, ಎದುರಿಗಿರುವವನು ಹೇಳುವುದನ್ನೆಲ್ಲ ಒಂದು ಸಲ ಅನುಮಾನಿಸಿಯೇ ನಂಬುವಂತೆ. ಆ ಹುಬ್ಬು ನೋಡುತ್ತ ನಾನು ಕೊನೇ ಟೇಬಲ್ಲಿನಲ್ಲಿ ಎಷ್ಟು ಸಾಂಬಾರ್ ಸುರಿದೆನೆಂದರೆ, ಅಲ್ಲಿ ಕುಳಿತಿದ್ದ ನಮ್ಮ ಗೋಲ್‌ಕೀಪರನ ತಟ್ಟೆಯಿಂದ ಇಡ್ಲಿಗಳು ದಡ ಸೇರಲು ಈಜಿದವು.

ತರಗತಿ ಶುರುವಾಯಿತು. ಪಾಠ ಮಾಡುವವಳು ಅವಳೇ. ಬೆಂಗಳೂರಿನವಳು, ಆ ಕಟ್ಟಡದ ಹಣಕಾಸಿನ ಕಂಪನಿಯಲ್ಲಿ ಸಲಹೆಗಾರ್ತಿ. ಒಬ್ಬೊಬ್ಬರ ಹೆಸರು ಕೂಗುತ್ತ ಬಂದಳು.

“ಹೃಷಿಕೇಶ್? ಸ್ಟ್ರೈಕರ್?”

ನಾನು ಬಕೆಟ್ ಎತ್ತಿ ತೋರಿಸಿದೆ.

ಇಡೀ ತಂಡ ಮೇಜು ಬಡಿದು ನಕ್ಕಿತು. ಅವಳು ಏಪ್ರನ್ ನೋಡಿದಳು, ಬಕೆಟ್ ನೋಡಿದಳು, ಕೆನ್ನೆ ಕೆಂಪಾಗುವುದನ್ನು ತಡೆಯಲು ಕಿಟಕಿ ನೋಡಿದಳು. ಕಾಫಿ ಹೊತ್ತಿನಲ್ಲಿ ಹತ್ತಿರ ಬಂದು ಮೆಲ್ಲಗೆ, “ಸಾರಿ, ನಾನು ನಿಮ್ಮನ್ನ...” ಎಂದಳು.

“ಅಣ್ಣ ಅಂದದ್ದನ್ನ ಮಾತ್ರ ವಾಪಸ್ ತಗೊಳ್ಳಿ, ಮೇಡಂ. ಉಳಿದದ್ದೆಲ್ಲ ಸರಿ ಉಂಟು.”

ಮೇಲಿದ್ದ ಹುಬ್ಬು ಇನ್ನೂ ಸ್ವಲ್ಪ ಮೇಲೆ ಹೋಯಿತು. ಮೋಹನಬಾಣ, ರತಿ, ಮನ್ಮಥ ಎಲ್ಲ ಆಮೇಲಿನ ಮಾತು. ನಾನು ಬಿದ್ದದ್ದು ಆ ಹುಬ್ಬಿಗೆ ಎಡವಿಯೇ.

ನನ್ನ ಕೇಸು ಎಲ್ಲರದ್ದಕ್ಕಿಂತ ಕೆಟ್ಟಿತ್ತು. ಅದನ್ನೂ ನಾನು ಹೆಮ್ಮೆಯಿಂದಲೇ ಹೇಳುತ್ತೇನೆ. ಎತ್ತರದ ಬಾಡಿಗೆ ಫ್ಲ್ಯಾಟು, ಕೆಂಪು ಕಾರು, ಅದರ ಇಎಂಐ. ಒಂದು ದಿನದ ತರಗತಿಯಲ್ಲಿ ಮುಗಿಯುವ ರೋಗವಲ್ಲ ಇದು ಎಂದು ಅವಳು ಭಾನುವಾರ ಬೆಹಾಲಾಕ್ಕೆ ಬರಲು ಒಪ್ಪಿದಳು. ಬಸ್ಸು, ಮೆಟ್ರೋ, ಮತ್ತೆ ಆಟೋ ಹಿಡಿದು, ನಗರದ ಒಂದು ತುದಿಯಿಂದ ಇನ್ನೊಂದು ತುದಿಗೆ.

ಈಗ ಲೀಗ್ ಗಡಿಯಾರದಂತೆ ನಡೆಯುತ್ತದೆ, ಸಂಬಳ ತಾರೀಕಿಗೆ ಬರುತ್ತದೆ. ಆದರೂ ನನಗೆ ನೆನಪಾಗುವುದು ಏನೂ ಬರದೆ ಇದ್ದ ಆ ಭಾನುವಾರಗಳೇ. ಹೋಟೆಲಿನ ಮೂಲೆಯ ಮೇಜು. ಮೇಲೆ ಕಿರುಗುಟ್ಟುವ ಫ್ಯಾನು. ಹೊರಗೆ ಮಳೆ ನಿಂತ ರಸ್ತೆಯಲ್ಲಿ ರಿಕ್ಷಾದವರ ಗಂಟೆ. ಅವಳು ಲೋಟದ ಅಂಚನ್ನು ಬೆರಳಿನಿಂದ ಸುತ್ತುತ್ತ ನನ್ನ ಐಶ್ವರ್ಯವನ್ನೆಲ್ಲ ಒಂದೊಂದಾಗಿ ಬಿಚ್ಚುತ್ತಿದ್ದಳು.

“ಫ್ಲ್ಯಾಟ್ ಬಿಡಿ. ಅಪ್ಪ ಅಮ್ಮನ ಜೊತೆ ಇರಿ.”

“ನನ್ನ ಅಭಿಮಾನಿಗಳು ಎಂತ ಹೇಳಿಯಾರು?”

“ಬಾಡಿಗೆ ಅವರು ಕೊಡ್ತಾರಾ?”

“ಕಾರು?”

“ಅದನ್ನ ಮಾರಿಬಿಡಿ. ಲೀಗ್ ಯಾವಾಗ ಶುರುವಾಗತ್ತೋ ಯಾರಿಗೂ ಗೊತ್ತಿಲ್ಲ. ಖರ್ಚು ಇಳಿಸಿದ್ರೆ ಸಾಲ ಮಾಡ್ದೆ ಈ ವರ್ಷ ದಾಟ್ಬಹುದು. ಆಮೇಲೆ ಇನ್ನೊಂದು. ಖೇಪ್ ಆಡಲ್ಲ ಅಂತ ಮಾತು ಕೊಡಿ.”

ಖೇಪ್ ಎಂಬುದು ಈ ಊರಿನ ಹಳೆಯ ಚಟ. ಪಾಡಾಗಳು, ಅಂದರೆ ಇಲ್ಲಿನ ಕೇರಿಗಳು, ತಮ್ಮ ಪಂದ್ಯ ಗೆಲ್ಲಲು ದೊಡ್ಡ ಕ್ಲಬ್ಬಿನ ಆಟಗಾರರನ್ನು ಬಾಡಿಗೆಗೆ ಕರೆಯುತ್ತವೆ. ಸುಳ್ಳು ಹೆಸರು, ಕೈಗೆ ನಗದು, ಗೆದ್ದರೆ ಮೇಲೊಂದು ಮಿಕ್ಸಿ. ಕ್ಲಬ್ಬಿಗೆ ಗೊತ್ತಾದರೆ ಕಾಂಟ್ರಾಕ್ಟ್ ಹೋಯಿತು.

“ನಿಮ್ಮ ಹತ್ರ ಇರೋದು ಒಂದೇ ಆಸ್ತಿ, ಆ ಕಾಲು,” ಎಂದಳು. “ಈಗ ಅದಕ್ಕೆ ಇನ್ಶೂರೆನ್ಸ್ ಕೂಡ ಇಲ್ಲ. ಮುರಿದ್ರೆ ಕಥೆ ಮುಗೀತು.”

ಮಾತು ಕೊಟ್ಟೆ. ಫ್ಲ್ಯಾಟ್ ಬಿಟ್ಟೆ, ಕಾರು ಮಾರಿದೆ. ಅಪ್ಪ ರಘುರಾಮಭಟ್ಟರು ಗಲ್ಲಾದಿಂದಲೇ ಕೈಮುಗಿದರು. “ಮಾರಾಯ್ತಿ, ಇವನ ಕಾರು ಮಾರಿಸಿದ್ಯಲ್ಲ. ನಿನ್ನ ಹೆಸರಲ್ಲಿ ಒಂದು ಹೂವಿನ ಪೂಜೆ ಮಾಡಿಸ್ತೇನೆ.”

ಅಮ್ಮ ಸುಂದರಿ ನೀರ್ ದೋಸೆಯ ಮೇಲೆ ನೀರ್ ದೋಸೆ ಹಾಕುತ್ತಿದ್ದಳು. “ತಿನ್ನು ಮಗಾ. ಅವನ ಲೆಕ್ಕ ನೋಡ್ಲಿಕ್ಕೆ ಬಲ ಬೇಕಲ್ಲ.”

ಸಂಕಟವೆಂದರೆ ಅವಳು ತನ್ನ ಕೆಲಸದಲ್ಲಿ ಪಳಗಿದವಳು. ನಾಲ್ಕೇ ಭಾನುವಾರಕ್ಕೆ ನನ್ನ ಲೆಕ್ಕವೆಲ್ಲ ಗರಿಗರಿಯಾಯಿತು. ಲೋಟ ಬದಿಗಿಟ್ಟು ಹೇಳಿದಳು, “ಇನ್ನು ನಾನು ಬರಬೇಕಾಗಿಲ್ಲ. ನೀವೇ ನೋಡ್ಕೋಬಹುದು.”

ಕೊನೆಯ ನಿಮಿಷದಲ್ಲಿ ಗೋಲು ಬಿಟ್ಟುಕೊಟ್ಟಾಗಲೂ ನನ್ನ ಎದೆ ಹಾಗೆ ಕುಸಿದಿರಲಿಲ್ಲ. ಬಾಯಿಗೆ ಬಂದದ್ದನ್ನು ಹೇಳಿದೆ.

“ನಾನೊಂದು ಗಿಳಿ ತಗೊಂಡೆ.”

“ಗಿಳಿ?”

“ದೊಡ್ಡದು. ವಿದೇಶದ್ದು. ದುಬಾರಿ. ನಾಲ್ಕು ಭಾಷೆ ಮಾತಾಡ್ತದೆ.”

“ಎಲ್ಲಿದೆ?”

“ಮಲಗಿದೆ.”

ಹುಬ್ಬು ಮೇಲೇರಿತು. ಆದರೆ ಮುಂದಿನ ಭಾನುವಾರ ಬಂದಳು. ಆ ವಾರ ಗಿಳಿಗೆ ಕಾಯಿಲೆ, ಔಷಧಿಯ ಖರ್ಚು. ಅದರ ಮುಂದಿನ ವಾರ ನಾನು ಟೆಲಿಸ್ಕೋಪು ಕೊಂಡಿದ್ದೆ. “ಬೆಹಾಲಾದಲ್ಲಿ ಟೆಲಿಸ್ಕೋಪಾ? ಎದುರು ಮನೆಯವರು ಒಣಗಿಸಿದ ಬಟ್ಟೆ ನೋಡೋಕಾ?” ಎಂದು ಬೈದಳು. ನಾನು ಬೈಸಿಕೊಂಡು ಸ್ವರ್ಗ ಕಂಡೆ.

ಒಂದೇ ಕೊರಗು ಉಳಿದಿತ್ತು. ನನ್ನ ಬಗ್ಗೆ ನಾನು ಹೇಳಿದ ಮಹಿಮೆಗಳನ್ನೆಲ್ಲ ಅವಳು ಕಾಫಿಯ ನೊರೆಯಂತೆ ಊದಿ ಬದಿಗೆ ಸರಿಸುತ್ತಿದ್ದಳು.

“ಯೂಟ್ಯೂಬಲ್ಲಿ ನೋಡ್ದೆ. ಹನ್ನೊಂದು ಸೆಕೆಂಡ್ ಇದ್ರಿ. ಅದರಲ್ಲೂ ಬಿದ್ರಿ.”

“ಅದು ತಂತ್ರ.”

“ಹೌದೌದು.”

ಯೋಚಿಸಿ ನೋಡಿ. ಲೀಗ್ ನಿಂತ ಮೇಲೆ ಸಿಕ್ಕವಳು, ನಾನು ಆಡುವುದನ್ನೇ ನೋಡಿಲ್ಲ. ಅವಳ ಪಾಲಿಗೆ ನಾನು ಒಂದು ಸಾಂಬಾರ್ ಬಕೆಟ್ಟು ಮತ್ತು ಒಂದು ರೋಗದ ಗಿಳಿ. ನಾಳೆ ಲೀಗ್ ಶುರುವಾದರೆ ನಾನು ಕ್ಯಾಂಪಿಗೆ, ಅವಳು ನ್ಯೂ ಟೌನಿಗೆ. ನೆನಪಿಗೆ ಉಳಿಯುವುದು ಇಷ್ಟೇ. ಆಗ ದಕ್ಷಿಣೇಶ್ವರದ ಒಂದು ಪಾಡಾದವರು ತಮ್ಮ ಫೈನಲ್ಲಿಗೆ ಕರೆದರು. ಕೊಟ್ಟ ಮಾತು ಒಂದು ಕಡೆ, ಅವಳ ಎದುರು ಒಂದೇ ಒಂದು ಸಲ ಆಡುವ ಆಸೆ ಇನ್ನೊಂದು ಕಡೆ. ಭಾನುವಾರದ ಲೆಕ್ಕ ಈ ಸಲ ದಕ್ಷಿಣೇಶ್ವರದಲ್ಲಿ ನೋಡೋಣ, ದೇವಸ್ಥಾನವೂ ಆದ ಹಾಗಾಯಿತು ಎಂದು ಅವಳಿಗೆ ಮೆಸೇಜ್ ಕಳಿಸಿದೆ.

ದೇವಸ್ಥಾನ ಮುಗಿಸಿ ಅವಳನ್ನು ಮೈದಾನದ ಪಕ್ಕದ ಚಹಾದಂಗಡಿಯ ಬೆಂಚಿನಲ್ಲಿ ಕೂರಿಸಿದೆ. “ಐದೇ ನಿಮಿಷ, ಬಂದೆ,” ಎಂದೆ. ಬಂದದ್ದು ಜೆರ್ಸಿಯಲ್ಲಿ.

ಮೈಕಿನವನು ಕೂಗಿದ: ಕರ್ನಾಟಕದಿಂದ ವಿಮಾನದಲ್ಲಿ ಈಗಷ್ಟೇ ಇಳಿದ, ಸ್ಪೇನಿನವರು ಕೋಟಿ ಕೊಟ್ಟರೂ ಹೋಗದ, ಬರಿಗಾಲಿನಲ್ಲಿ ತೆಂಗಿನಕಾಯಿ ಒಡೆಯುವ ವಿನಾಯಕ. ವಿನಾಯಕ ನನ್ನ ಖೇಪ್ ಹೆಸರು. ಸುಳ್ಳಿನಲ್ಲಿ ನನ್ನನ್ನು ಮೀರಿಸಿದವನನ್ನು ಜೀವಮಾನದಲ್ಲಿ ಅವತ್ತೇ ಕಂಡದ್ದು. ಬೆಂಚಿನ ಮೇಲೆ ಶ್ರಾವ್ಯ ಎದ್ದು ನಿಂತಿದ್ದಳು. ಅಷ್ಟು ದೂರದಿಂದಲೂ ನನಗೆ ಕಂಡದ್ದು, ಎರಡೂ ಹುಬ್ಬು ಒಂದೇ ಮಟ್ಟಕ್ಕೆ ಇಳಿದಿದ್ದವು. ಅದು ಸಿಟ್ಟು.

ನನ್ನ ಗೋಲಿನ ಬಗ್ಗೆ ಹೇಳಲು ಭಾಷೆ ಸಾಲದು, ಆದರೂ ಹೇಳುತ್ತೇನೆ. ಅರ್ಧ ಮೈದಾನದಿಂದ ಹೊರಟೆ. ಏಳು ಜನರನ್ನು ದಾಟಿದೆ. ಅವರಲ್ಲಿ ಇಬ್ಬರು ನಮ್ಮ ತಂಡದವರೇ. ಎಡಗಾಲು ಬೀಸಿದೆ. ಚೆಂಡು ಗಂಗೆಯ ಗಾಳಿಯಲ್ಲಿ ಬಾಗಿ, ಗೋಲ್‌ಕೀಪರನಿಗೆ ನಮಸ್ಕಾರ ಹೇಳಿ, ಮೂಲೆಗೆ ಹೋಗಿ ಕುಳಿತಿತು. ಅದೇ ಗಳಿಗೆಯಲ್ಲಿ ಒಬ್ಬ ಗುಡಾಣದಂಥವನು ನನ್ನ ಪಾದದ ಮೇಲೆ ಬಿದ್ದ. ಕಣಕಾಲು ತಿರುಗಿತು.

ಮೈದಾನಕ್ಕೆ ಮೊದಲು ಓಡಿಬಂದವಳು ಅವಳೇ. ನನ್ನ ತೋಳನ್ನು ಹೆಗಲಿಗೆ ಹಾಕಿಕೊಂಡಳು. ಖೇಪಿನಲ್ಲಿ ಕಾಲು ಕೆಟ್ಟವರೆಲ್ಲ ಗುಟ್ಟಾಗಿ ಹೋಗುವ ಮುದುಕ ಫಿಸಿಯೋ ಒಬ್ಬರು ಬೇಲೂರು ಮಠದ ಬಳಿ ಇದ್ದರು. ಹಳೇಬೀಡಿನ ಪಕ್ಕದ ಬೇಲೂರಲ್ಲ, ಹೊಳೆಯಾಚೆಯದು. ಅಲ್ಲಿಗೆ ದೋಣಿ. ಘಾಟಿನ ಮೇಲೆ ಒಬ್ಬಾಕೆ ಇಲೀಷ್ ಮೀನು ಮಾರುತ್ತಿದ್ದಳು. ಮೀನಿನಂಗಡಿ ಕಂಡರೆ ಆಚೆ ಫುಟ್‌ಪಾತಿಗೆ ಹಾರುವ ಶ್ರಾವ್ಯ, ನೇರ ಅವಳ ಬುಟ್ಟಿಯ ಎದುರು ಕುಳಿತು, ಮೀನಿನ ಅಡಿಯ ಮಂಜುಗಡ್ಡೆ ಕೇಳಿ, ತನ್ನ ದುಪಟ್ಟಾದಲ್ಲಿ ಕಟ್ಟಿಸಿಕೊಂಡು ಬಂದಳು.

ದೋಣಿ ಬಿಟ್ಟಿತು. ಮೂಗು ಮುದುರಿಕೊಂಡು ಮಂಜುಗಡ್ಡೆಯನ್ನು ನನ್ನ ಕಣಕಾಲಿಗೆ ಒತ್ತಿ ಹಿಡಿದಳು. ಬೆರಳುಗಳು ಚಳಿಗೆ ಕೆಂಪಾದವು.

“ಮಾತು ಕೊಟ್ಟಿದ್ರಿ.”

“ಕೊಟ್ಟಿದ್ದೆ.”

“ದುಡ್ಡಿಗಾ?”

“ಅಲ್ಲ. ನೀವು ನೋಡ್ಲಿ ಅಂತ. ಲೀಗ್ ಇಲ್ಲದಾಗ ನಾನು ಯಾರು ಅಂತ ನಿಮಗೆ ಗೊತ್ತುಂಟು. ಆಡುವಾಗ ಯಾರು ಅಂತ ಗೊತ್ತಿಲ್ಲ.”

ಅವಳು ದುಪಟ್ಟಾದ ಗಂಟನ್ನು ಇನ್ನೊಮ್ಮೆ ಬಿಗಿದಳು.

“ಅವನು ನಿಮ್ಮ ಮೇಲೆ ಬರೋದು ಕಾಣ್ತು. ಕಣ್ಣು ಮುಚ್ಕೊಂಡೆ.”

“ಅಂದ್ರೆ ಗೋಲು?”

“ನೋಡ್ಲಿಲ್ಲ.”

ಕಣಕಾಲಿಗಿಂತ ಅದು ಹೆಚ್ಚು ನೋವಾಯಿತು. ಅಷ್ಟರಲ್ಲಿ ನನ್ನ ಜೇಬಿನ ಫೋನು ಹುಚ್ಚು ಹಿಡಿದಂತೆ ನಡುಗತೊಡಗಿತು. ತಂಡದ ಗ್ರೂಪು. ನನ್ನ ಮುಖ ನೋಡಿ ಅವಳೇ ಇಸಿದುಕೊಂಡು ಓದಿದಳು: ಸಹಿ ಆಯಿತು, ಸಂಬಳ ಕಡಿತ, ಆದರೆ ಲೀಗ್ ಶುರು, ಮುಂದಿನ ವಾರ ಕ್ಯಾಂಪ್.

“ಎಲ್ಲರೂ ಕುಣೀತಿದ್ದಾರೆ. ನೀವ್ಯಾಕೆ ಹೀಗೆ ಕೂತಿದ್ದೀರ?”

ಹೂಗ್ಲಿಯ ಗಾಳಿ ಬಾಯಲ್ಲಿದ್ದ ದೊಡ್ಡ ಮಾತುಗಳನ್ನೆಲ್ಲ ಹಾರಿಸಿಕೊಂಡು ಹೋಗಿತ್ತು.

“ಸಂಬಳ ಬಂದ್ರೆ ಲೆಕ್ಕ ಸರಿ ಆಗ್ತದೆ. ಸರಿ ಆದ್ರೆ ನೀವು ಬರೋದಿಲ್ಲ.”

“ಅದಕ್ಕೇ ಗಿಳಿನಾ?”

ನಾನು ಸುಮ್ಮನಿದ್ದೆ. ಬಂಗಾಳ ಅಂಥದ್ದನ್ನೂ ಅದುವರೆಗೆ ಕಂಡಿರಲಿಲ್ಲ.

“ಮನೇಲಿ ಗಿಳಿ ಇಲ್ಲ ಅಂತ ಆಂಟಿ ಆ ದಿನವೇ ಹೇಳಿದ್ರು,” ಎಂದಳು, ಮಂಜುಗಡ್ಡೆ ಸರಿಮಾಡುತ್ತ. “ಮತ್ಯಾಕೆ ಬರ್ತಿದ್ದೆ ಅಂತ ಕೇಳಲ್ವಾ?”

“ಯಾಕೆ?”

“ನೀರ್ ದೋಸೆಗೆ.”

ಒಂದು ಅಲೆ ದೋಣಿಯನ್ನು ಎತ್ತಿ ಇಳಿಸಿತು. ಅವಳು ತಲೆಯೆತ್ತಿದಳು. ಹುಬ್ಬು ಮತ್ತೆ ತನ್ನ ಜಾಗಕ್ಕೆ, ಕೂದಲೆಳೆಯಷ್ಟು ಮೇಲಕ್ಕೆ, ಬಂದಿತ್ತು.

“ಮೂರು ಗಾಡಿ ಬದಲಾಯಿಸಿ ನೀರ್ ದೋಸೆಗೆ ಯಾರೂ ಬರಲ್ಲ, ಹೃಷಿ.”

ಆಮೇಲೆ ನಾನು ಕಾಲಿಗೆ ಪಟ್ಟಿ ಸುತ್ತಿಕೊಂಡು ಕ್ಯಾಂಪಿಗೆ ಹೋದದ್ದು, ವಿನಾಯಕ ಯಾರೆಂದು ಗೊತ್ತಿದ್ದೂ ಊರಿಗೆ ಊರೇ ಬಾಯಿ ಬಿಡದೆ ನನ್ನ ಕಾಂಟ್ರಾಕ್ಟ್ ಉಳಿಸಿದ್ದು, ಮೊದಲ ಪಂದ್ಯಗಳನ್ನು ನಾನು ಬೆಂಚಿನಲ್ಲಿ ಕುಳಿತೇ ಗೆಲ್ಲಿಸಿದ್ದು, ಅದೆಲ್ಲ ಬೇರೆ. ನನಗೆ ಬೇಕಾದದ್ದು ಆ ದೋಣಿ, ಆ ಸಂಜೆ.

ಬೇಲೂರಿನ ಘಾಟು ಬಂತು. ಜನ ಇಳಿದರು. ಮಂಜುಗಡ್ಡೆ ಪೂರ್ತಿ ಕರಗಿತ್ತು, ಅವಳ ಕೈ ಮಾತ್ರ ಅಲ್ಲೇ ಇತ್ತು. “ದೀದಿ, ಘಾಟ್ ಏಶೆ ಗ್ಯಾಛೆ,” ಎಂದ ದೋಣಿಯವನು, ಇಳಿಯಿರಿ ಎಂಬಂತೆ ಕೈ ತೋರಿಸಿ.

ಶ್ರಾವ್ಯ ಇಳಿದಳು. ನಾನೂ ಏಳಲು ಹೊರಟರೆ ಕೈಯಲ್ಲೇ ತಡೆದಳು. ಟಿಕೆಟ್ ಕಿಟಕಿಯ ತನಕ ನಡೆದುಹೋಗಿ, ನಾವು ಬಿಟ್ಟುಬಂದ ದಡಕ್ಕೇ ಮತ್ತೆ ಎರಡು ಟಿಕೆಟ್ ಕೊಂಡು ಬಂದು, ಒದ್ದೆ ದುಪಟ್ಟಾ ಹಿಂಡಿ, ನನ್ನ ಪಕ್ಕ ಕುಳಿತಳು.

“ಫಿಸಿಯೋ?” ಎಂದೆ.

“ಇನ್ನೊಂದು ಸುತ್ತು ಆದ್ಮೇಲೆ.”

ಅಷ್ಟು ಭಾನುವಾರಗಳಲ್ಲಿ ಅವಳು ಮಾಡಿದ್ದನ್ನು ನಾನು ಕಂಡ ಮೊದಲ ದುಂದುಗಾರಿಕೆ ಅದು. ಬೈಯಲು ಬಾಯಿ ತೆರೆದೆ. ಅವಳು ತಲೆಯನ್ನು ನನ್ನ ಹೆಗಲಿಗೆ ಆನಿಸಿದಳು. ದೋಣಿ ತಿರುಗಿತು.