ನೋವಿನ ಅಂಕ

"ಮೇಡಂ, ನನಗೆ ಸೂಜಿ ಅಂದ್ರೆ ಭಯ. ಯಾರಿಗೂ ಹೇಳಬೇಡಿ."

ಹನ್ನೆರಡು ವರ್ಷ ಗಡಿ ಕಾದು ಬಂದವನು ಮಂಚದ ಮೇಲೆ ಬೋರಲು ಮಲಗಿ ಹೀಗಂದಾಗ, ಮಾಜಿ ಸೈನಿಕರ ಕೇಂದ್ರದಲ್ಲಿ ಅಕ್ಯುಪಂಕ್ಚರ್ ಎಂಬ ಸೂಜಿ ಚಿಕಿತ್ಸೆ ಮಾಡುವ ಅವಳಿಗೆ ನಗು ತಡೆಯಲಾಗಲಿಲ್ಲ. ಗಂಡ ತೀರಿಕೊಂಡ ಮೇಲೆ ಅವಳು ನಕ್ಕಿದ್ದು ಅದೇ ಮೊದಲು.

"ಬಂದೂಕಿಗೆ ಹೆದರದವರು..."

"ಬಂದೂಕು ನನ್ನ ಕೈಯಲ್ಲಿತ್ತು. ಸೂಜಿ ನಿಮ್ಮ ಕೈಯಲ್ಲಿದೆ."

ಸೊಂಟದ ನೋವಿಗೆ ಹತ್ತರಲ್ಲಿ ಎಷ್ಟು ಅಂಕ ಎಂದು ಪ್ರತಿ ಮಂಗಳವಾರ ಕೇಳಿ ಬರೆದುಕೊಳ್ಳುತ್ತಿದ್ದಳು. ಅವನದು ಒಂದೇ ಉತ್ತರ. "ಎರಡು."

ಆರು ವಾರ ಮೂರರ ಒಳಗೇ ಇದ್ದರೆ ಚಿಕಿತ್ಸೆ ಮುಗಿಯಿತೆಂದು ಕೇಂದ್ರದ ನಿಯಮ.

"ಗುಣವಾಗಿದೆ. ಇನ್ನು ಬರಬೇಕಾಗಿಲ್ಲ," ಎಂದಳು ಒಂದು ದಿನ. ಅವನು ಏನಾದರೂ ಹೇಳಲಿ ಎಂದು ಕಾದಳು.

"ಸರಿ ಮೇಡಂ," ಎಂದು ಎದ್ದು ಹೋದ.

ಇಷ್ಟೇನಾ... ಮಂಗಳವಾರಕ್ಕೆ ಕಾಯುತ್ತಿದ್ದವಳು ನಾನೊಬ್ಬಳೇನಾ?

ಕಿಟಕಿಯಿಂದ ನೋಡಿದಳು. ಮೆಟ್ಟಿಲ ಬುಡದಲ್ಲಿ ಅವನು ಬೂಟಿನ ಬಿಚ್ಚಿಹೋದ ಲೇಸು ಕಟ್ಟಲು ಬಗ್ಗುತ್ತಿದ್ದ. ಕೈ ಮೊಣಕಾಲು ದಾಟಲಿಲ್ಲ. ಕಂಬಿ ಹಿಡಿದು ಮತ್ತೆ ಬಗ್ಗಿದ. ಆಗಲಿಲ್ಲ.

ಅವಳು ಓಡಿ ಇಳಿದು, ಅವನ ಕಾಲ ಬಳಿ ಕೂತು ಲೇಸು ಹಿಡಿದಳು.

"ಎಷ್ಟು?"

"ಎರ..."

"ಸುಳ್ಳು ಹೇಳಿದ್ರೆ ಎರಡೂ ಬೂಟು ಸೇರಿಸಿ ಕಟ್ಟಿಬಿಡ್ತೀನಿ."

"ಎಂಟು. ನೀವು ಸೂಜಿ ಹಾಕಿದ ದಿನ ಐದು."

"ಮತ್ತೆ ಯಾಕ್ರೀ ಹೀಗೆ ಮಾಡಿದ್ರಿ?"

"ಸೈನ್ಯದಲ್ಲಿ ಜಾಸ್ತಿ ನೋವು ಅಂದವನನ್ನ ವಾಪಸ್ ಕಳಿಸ್ತಾರೆ. ಎರಡು ಅಂದ್ರೆ ಇಟ್ಕೋತಾರೆ. ಇಲ್ಲೂ ಇಟ್ಕೋತೀರಿ ಅಂದ್ಕೊಂಡೆ."

ಅವಳು ಲೇಸು ಬಿಗಿದು ಗಂಟು ಹಾಕಿದಳು.

"ನಿಮ್ಮನ್ನ ನೋಡೋ ಆಸ್ಪತ್ರೆ ಡಾಕ್ಟರಿಗೂ ಎರಡೇನಾ?"

"ಅವರಿಗೆ ಒಂದು. ಸೂಜಿ ವಿಷಯ ಹೇಳೇ ಇಲ್ಲ."

"ನಾಳೆ ಅವರಿಗೆ ಎಲ್ಲಾ ಹೇಳ್ತೀರಿ, ನಾನೂ ಜೊತೆಗೆ ಬರ್ತೀನಿ. ಆದ್ರೆ ಸೂಜಿ ಇನ್ನು ಪಕ್ಕದ ಕೋಣೆಯಲ್ಲಿ ಚಿಕಿತ್ಸೆ ಮಾಡೋ ಅಕ್ಕ ಹಾಕ್ತಾರೆ."

ಅವನ ಮುಖ ಬಾಡಿತು. "ಕಳಿಸೇಬಿಟ್ರಾ ಮೇಡಂ?"

"ರೋಗಿಯನ್ನ ನಾನು ಹೀಗೆಲ್ಲ ನೋಡಬಾರದು. ಅದಕ್ಕೆ."

"ಹೀಗೆಲ್ಲ ಅಂದ್ರೆ?"

ಅವಳು ಎದ್ದು ನಿಂತು ಹೆಗಲು ಕೊಟ್ಟಳು. ಅವನು ಬೆರಳ ತುದಿಯಷ್ಟೇ ತಾಗಿಸಿದ.

"ನನ್ನ ಭಾರ ನಿಮಗೆ..."

"ಮೇಡಂ ಅನ್ನೋದು ಬಿಡಿ. ಭಾರಾನೂ ಬಿಡಿ, ಪೂರ್ತಿ."

ಅವನು ತನ್ನ ಪೂರ್ತಿ ಭಾರ ಅವಳ ಹೆಗಲ ಮೇಲೆ ಬಿಟ್ಟ.