ಹೇಳು ನಿಮ್ಮಪ್ಪಗೆ

“ಇಲ್ಲೈತೆ ನೋಡು ಗ್ಯಾಸು!” ರುದ್ರಾಣಿಯ ಅಪ್ಪ ಷಣ್ಮುಖಪ್ಪ ಎಕ್ಸ್‌ರೇಯನ್ನು ಆಸ್ಪತ್ರೆಯ ಕಿಟಕಿಗೆ ಹಿಡಿದು ಕೂಗಿದರು.

ಅವಳು ಮಲಗಿದ್ದ ಮಂಚದ ಇನ್ನೊಂದು ಬದಿಯಲ್ಲಿ ಕುಳಿತಿದ್ದ ಚಿಕ್ಕಪ್ಪ ಜಯದೇವಪ್ಪ ಮೂಗು ಮುರಿದರು. “ರುದ್ರಾಣಿ, ತಲೆಕೆಳಗೆ ಹಿಡಿದಾರೆ ಅಂತ ಹೇಳು ನಿಮ್ಮಪ್ಪಗೆ.”

ಅಪ್ಪನ ಕಿವಿ ಚೆನ್ನಾಗಿಯೇ ಕೇಳುತ್ತಿತ್ತು. ಆದರೂ ಮಗಳು ಹೇಳುವವರೆಗೆ ಕಾದರು. ಆಮೇಲೆ, “ನಂಗೆ ಗೊತ್ತೈತೆ ಅಂತ ಹೇಳು ನಿಮ್ಮ ಚಿಕ್ಕಪ್ಪಗೆ,” ಎನ್ನುತ್ತಾ ಎಕ್ಸ್‌ರೇಯನ್ನು ಮೆಲ್ಲಗೆ ತಿರುಗಿಸಿದರು.

ಹೊನ್ನಾಳಿಯ ಮನೆ ಪಾಲಾದಾಗ ಅಜ್ಜಿಯ ಕಾಲದ ತಾಮ್ರದ ಹಂಡೆಗಾಗಿ ಅಣ್ಣತಮ್ಮಂದಿರು ಮಾತು ಬಿಟ್ಟಿದ್ದರು. ಮಾತು ಬಿಟ್ಟ ಹೆಮ್ಮೆ ಇಬ್ಬರಿಗೆ, ಮಾತು ಹೊರುವ ಕೆಲಸ ಐದನೇ ಕ್ಲಾಸಿನ ರುದ್ರಾಣಿಗೆ. ಅಪ್ಪನ ಮಾತು ಹೇಳಿದರೆ ಚಿಕ್ಕಪ್ಪ ಅವಳ ಮೇಲೇ ರೇಗುತ್ತಿದ್ದರು. ಚಿಕ್ಕಪ್ಪನ ಮಾತು ಹೇಳಿದರೆ ಅಪ್ಪ.

ಆಮೇಲೆ ಹೊಟ್ಟೆನೋವು ಶುರುವಾಯಿತು. ಕಷಾಯ ಕುಡಿಸಿದರು, ದೃಷ್ಟಿ ತೆಗೆದರು, ಹುಳದ ಔಷಧಿ ಹಾಕಿದರು. ಕೊನೆಗೆ ಬಸ್ ಹತ್ತಿಸಿ ದಾವಣಗೆರೆಗೆ ತಂದು ಅಡ್ಮಿಟ್ ಮಾಡಿದ್ದರು.

ಡಾಕ್ಟರಮ್ಮ ಬಂದರು. “ಎಕ್ಸ್‌ರೇ, ರಕ್ತ ಎಲ್ಲಾ ಸರಿ ಐತೆ.”

“ಹಂಗಾದ್ರೆ ಸುಳ್ಳು ಹೇಳ್ತಾಳೇನ್ರೀ?” ಎಂದರು ಅಪ್ಪ.

ರುದ್ರಾಣಿಗೆ ಅಳು ಬಂತು.

“ಸುಳ್ಳಲ್ರೀ, ನೋವು ನಿಜಾನೇ. ಮನಸ್ಸಿಗೆ ಭಾರ ಆದ್ರೂ ಹೊಟ್ಟೆ ನೋಯ್ತದೆ. ಯಾವಾಗ ನೋಯ್ತದಮ್ಮಾ ನಿಂಗೆ?”

“ಗೊತ್ತಿಲ್ರೀ,” ಎಂದಳು ರುದ್ರಾಣಿ.

ಡಾಕ್ಟರಮ್ಮ ಅತ್ತ ಹೋದದ್ದೇ ತಡ, ಅಪ್ಪ ಎದೆ ಸೆಟೆಸಿದರು. “ಮನಸ್ಸಿಗೆ ಭಾರ ಹಾಕಿದೋರು ಯಾರು ಅಂತ ಕೇಳು ನಿಮ್ಮ ಚಿಕ್ಕಪ್ಪನ್ನ!”

“ಹಂಡೆ ಎತ್ಕಂಡು ಹೋದೋರು ಅಂತ ಹೇಳು ನಿಮ್ಮಪ್ಪಗೆ!”

ಪಕ್ಕದ ಮಂಚದ ಹುಡುಗನ ತಾತ ಟ್ರಾನ್ಸಿಸ್ಟರ್ ಆಫ್ ಮಾಡಿದರು. ರೇಡಿಯೋ ನಾಟಕಕ್ಕಿಂತ ಇದೇ ಚೆನ್ನಾಗಿತ್ತು.

ರುದ್ರಾಣಿಯ ಹೊಟ್ಟೆ ಹಿಂಡಿದಂತಾಯಿತು. ಅರೆ, ನೋಯುವುದು ಈಗಲೇ! ನಿನ್ನೆಯೂ ಹೀಗೇ, ‘ಹೇಳು’ ಎಂದಾಗಲೇ.

“ನಾ ಹೇಳಲ್ಲ.” ಅವಳು ಎದ್ದು ಕುಳಿತಳು. “ನೀವೇ ಹೇಳ್ಕಳ್ರಿ.”

ಅಣ್ಣತಮ್ಮಂದಿರು ಫ್ಯಾನ್ ನೋಡಿದರು, ನೆಲ ನೋಡಿದರು. ಆಮೇಲೆ ಅಪ್ಪ ಕೆಮ್ಮಿದರು.

“ಊಟ ಆತೇನೋ, ಜಯದೇವಾ?”

“ಇಲ್ಲಣ್ಣ.”

ಇಬ್ಬರೂ ಹೋಟೆಲಿಗೆ ಹೊರಟರು. ಬಾಗಿಲು ದಾಟುವಷ್ಟರಲ್ಲಿ ಹಂಡೆಯ ಜಗಳ ಮತ್ತೆ ಶುರುವಾಯಿತು. “ನೀನು”, “ನೀನೇ” ಎಂದು ಮುಖಕ್ಕೆ ಮುಖ ಕೊಟ್ಟು ಕೂಗಾಡಿದರು.

ರುದ್ರಾಣಿ ಕಿವಿಗೊಟ್ಟು ಕೇಳಿದಳು. ಅದರಲ್ಲಿ ಎಲ್ಲೂ ಅವಳ ಹೆಸರಿರಲಿಲ್ಲ. ನೋವು ಇನ್ನೂ ಸ್ವಲ್ಪ ಇತ್ತು. ಹೊಟ್ಟೆಯ ಮೇಲಿದ್ದ ಕೈ ತೆಗೆದು, ಬೆಳಗಿನಿಂದ ಹಾಗೇ ಇದ್ದ ಬನ್ ಮುರಿದು ಬಾಯಿಗಿಟ್ಟಳು.